ಎಳೆಯಿರಿ, ಇಲ್ಲವೇ ದಾರಿ ಬಿಡಿ

ವ್ಯಾಕರಣದಿಂದ ಶುರು ಮಾಡುತ್ತೇನೆ, ಬೇಸರಪಡಬೇಡಿ. ಕನ್ನಡದ ‘ಎಳೆ’ ಸಕರ್ಮಕ ಕ್ರಿಯಾಪದ. ‘ಅವನು ಎಳೆದ’ ಎಂದಷ್ಟೇ ಹೇಳಿದರೆ ಕೇಳಿದವರು ಸುಮ್ಮನಿರುವುದಿಲ್ಲ, ‘ಏನನ್ನು?’ ಎಂದು ಕೇಳಿಯೇ ಕೇಳುತ್ತಾರೆ. ಎತ್ತು ಗಾಡಿ ಎಳೆಯುತ್ತದೆ, ಊರವರು ತೇರು ಎಳೆಯುತ್ತಾರೆ, ಮೊಗವೀರರು ಬಲೆ ಎಳೆಯುತ್ತಾರೆ. ಕರ್ಮಪದ ಬಾಯಲ್ಲಿ ಬರದಿದ್ದರೂ ಕಣ್ಣೆದುರಿಗಾದರೂ ಇರಬೇಕು. ಏನನ್ನೂ ಎಳೆಯದೆ ‘ನಾನು ಎಳೆಯಬಲ್ಲೆ’ ಎಂದು ಮೆರೆಯುವ ಪ್ರಾಣಿ ನನಗೆ ಗೊತ್ತಿಲ್ಲ. ಯಂತ್ರ ಮಾತ್ರ ಒಂದು ಗೊತ್ತು. ಅದು ನಮ್ಮ ಮಧ್ಯಮ ಗಾತ್ರದ ಎಸ್‌ಯುವಿ.

ಹೊಟ್ಟೆಪಾಡಿಗೆ ಅನುವಾದ ಮಾಡುವವರ ಮೇಜಿಗೆ ವಿಮೆಯ ಅರ್ಜಿಯಿಂದ ಹಿಡಿದು ಕಾರಿನ ಬ್ರೋಷರ್‌ವರೆಗೆ ಎಲ್ಲವೂ ಬರುತ್ತದೆ. ಈಚಿನ ವರ್ಷಗಳಲ್ಲಿ ನನ್ನ ಕೈಗೆ ಬಂದ ಕಾರಿನ ಕಾಗದಗಳಲ್ಲಿ ಒಂದೇ ಚಿತ್ರ ಬೇರೆ ಬೇರೆ ಬಣ್ಣದಲ್ಲಿ ಮರಳಿ ಮರಳಿ ಕಾಣುತ್ತದೆ. ಪೈನ್ ಮರಗಳು, ಸರೋವರ, ಕೆಸರು ಮೆತ್ತಿದ ಎಸ್‌ಯುವಿ, ಅದರ ಹಿಂದೆ ಟ್ರೇಲರ್ ಮೇಲೆ ಬಿಳಿ ದೋಣಿ. ದೋಣಿಯ ಜಾಗದಲ್ಲಿ ಕೆಲವೊಮ್ಮೆ ಕ್ಯಾಂಪರ್, ಅಂದರೆ ಮಲಗಲು, ಅಡುಗೆ ಮಾಡಲು ಏರ್ಪಾಡಿರುವ ಗಾಡಿಮನೆ. ಕೆಳಗೆ ‘ಟೋಯಿಂಗ್’ ಬಗ್ಗೆ ಒಂದು ಸಾಲು. ಅದನ್ನು ‘ಎಳೆಯುವ ಸಾಮರ್ಥ್ಯ’ ಎಂದು ಕನ್ನಡಕ್ಕೆ ತರುವುದು ಕಷ್ಟವೇನಲ್ಲ. ಆದರೆ ಮುಲುಂಡ್‌ನ ಮೂರನೇ ಮಹಡಿಯಲ್ಲಿ ಕೂತು ಅದನ್ನು ಓದುವ ಮನುಷ್ಯ ಎಳೆಯಬೇಕಾದ್ದು ಏನು? ಅವನ ಬಳಿ ದೋಣಿಯಿಲ್ಲ, ಕ್ಯಾಂಪರ್ ಇಲ್ಲ. ಇದ್ದರೂ ಅದನ್ನು ನಿಲ್ಲಿಸಲು ಸೊಸೈಟಿಯಲ್ಲಿ ಜಾಗವಿಲ್ಲ. ಅವನಿಗೆ ಮಾರಿದ್ದು ಕರ್ಮಪದವಿಲ್ಲದ ಕ್ರಿಯಾಪದವನ್ನು.

ನನ್ನ ಜಗಳ ಪದದ ಮೇಲಲ್ಲ. ಎಳೆಯುವ ಬಲವನ್ನು ಆಡಂಬರವಾಗಿ ಮಾರುವ ಇದೇ ನಗರದಲ್ಲಿ, ನಿಜವಾಗಿ ಎಳೆಯುವವರಿಗೆ ರಸ್ತೆಯಲ್ಲಿ ಜಾಗವಿಲ್ಲ. ಏನನ್ನೂ ಎಳೆಯದವರಿಗಾಗಿ ಹೊಸ ಹೊಸ ರಸ್ತೆಗಳಾಗುತ್ತಿವೆ. ಇದು ತಿರುಗುಮುರುಗು ಎಂಬುದೇ ನನ್ನ ವಾದ.

ಮೊದಲು, ಎಳೆಯುವುದು ಎಂದರೇನು ಎಂಬುದನ್ನು ನೋಡೋಣ. ಅದು ತಮಾಷೆಯ ಕೆಲಸವಲ್ಲ. ಯುರೋಪು, ಆಸ್ಟ್ರೇಲಿಯಾಗಳಲ್ಲಿ ಮಧ್ಯಮ ಗಾತ್ರದ ಎಸ್‌ಯುವಿಗೆ ಸಾಮಾನ್ಯವಾಗಿ ಎರಡು ಅಂಕಿಗಳನ್ನು ಕೊಡುತ್ತಾರೆ. ತನ್ನದೇ ಬ್ರೇಕ್ ಇರುವ ಟ್ರೇಲರ್ ಆದರೆ ಒಂದೂವರೆ, ಎರಡು ಟನ್. ಬ್ರೇಕ್ ಇಲ್ಲದ್ದಾದರೆ 750 ಕಿಲೋ. ಈ ಎರಡರ ನಡುವಿನ ಅಂತರದಲ್ಲೇ ಎಳೆಯುವ ವಿದ್ಯೆಯ ಅರ್ಧಪಾಲು ಅಡಗಿದೆ. ಭಾರವನ್ನು ಮುಂದಕ್ಕೆ ಜಗ್ಗುವ ಶಕ್ತಿ ಎಂಜಿನ್‌ಗೆ ಇದ್ದೇ ಇರುತ್ತದೆ. ಇಳಿಜಾರಿನಲ್ಲಿ ಆ ಭಾರ ಹಿಂದಿನಿಂದ ನೂಕುವಾಗ ಅದನ್ನು ತಡೆದು ನಿಲ್ಲಿಸುವುದು ಕಷ್ಟದ ಕೆಲಸ.

ಇನ್ನರ್ಧ ಪಾಲು ಸಮತೋಲನ. ಟ್ರೇಲರ್‌ನ ಮೂತಿ ಕಾರಿನ ಕೊಂಡಿಯ ಮೇಲೆ ಸ್ವಲ್ಪ ಭಾರ ಹಾಕಬೇಕು. ಯುರೋಪಿನ ಲೆಕ್ಕದಲ್ಲಿ ಟ್ರೇಲರ್‌ನ ಒಟ್ಟು ತೂಕದ ನೂರಕ್ಕೆ ಐದರಿಂದ ಏಳು, ಅಮೆರಿಕದ ಲೆಕ್ಕದಲ್ಲಿ ಹತ್ತರಿಂದ ಹದಿನೈದು. ಹೆಚ್ಚಾದರೆ ಕಾರಿನ ಹಿಂಭಾಗ ಕುಸಿದು ಮುಂದಿನ ಚಕ್ರಗಳ ಹಿಡಿತ ಸಡಿಲಾಗುತ್ತದೆ. ಕಡಿಮೆಯಾದರೆ ವೇಗ ಏರಿದಂತೆ ಟ್ರೇಲರ್ ಹಾವಿನ ಬಾಲದಂತೆ ಅತ್ತಿತ್ತ ಬೀಸತೊಡಗಿ ಕೊನೆಗೆ ಕಾರನ್ನೂ ಉರುಳಿಸುತ್ತದೆ. ಅಮೆರಿಕದಲ್ಲಿ ಈ ಸಾಮರ್ಥ್ಯವನ್ನು ಅಳೆಯಲು ಎಸ್‌ಎಇ ಜೆ2807 ಎಂಬ ಮಾನದಂಡವೇ ಇದೆ. ಅರಿಜೋನಾದ ಡೇವಿಸ್ ಡ್ಯಾಮ್ ಬಳಿಯ ಸುಮಾರು 18 ಕಿಲೋಮೀಟರ್ ಏರು ದಾರಿಯನ್ನು ಬಿರುಬೇಸಿಗೆಯ ಬಿಸಿಯಲ್ಲಿ, ಎಸಿ ಹಾಕಿಕೊಂಡೇ, ಹೇಳಿದಷ್ಟು ತೂಕವನ್ನು ಎಳೆದುಕೊಂಡು ಹತ್ತಬೇಕು. ಅಲ್ಲಿ ಬ್ರೋಷರಿನ ಅಂಕಿಯ ಹಿಂದೆ ಇಂಥದೊಂದು ಬೆವರು ಇರುತ್ತದೆ.

ನಮ್ಮಲ್ಲಿ ಬಂದಿರುವುದು ಅದರ ಚಿತ್ರ ಮಾತ್ರ. ಇಲ್ಲಿಯ ಬ್ರೋಷರ್‌ಗಳಲ್ಲಿ ಈ ಅಂಕಿಗಳು ಕಾಣುವುದೇ ಅಪರೂಪ. ಕೊಂಡಿ ಮಾತ್ರ ಎಲ್ಲೆಲ್ಲೂ ಕಾಣುತ್ತದೆ. ಅಂಧೇರಿಯಿಂದ ಠಾಣೆಯವರೆಗೆ ಯಾವ ಸಿಗ್ನಲ್‌ನಲ್ಲಾದರೂ ನಿಂತು ಮುಂದಿನ ಗಾಡಿಯ ಬಂಪರ್ ನೋಡಿ. ಕೆಳಗಿನಿಂದ ಚಾಚಿಕೊಂಡ ಕಬ್ಬಿಣದ ಪಟ್ಟಿ, ತುದಿಯಲ್ಲಿ ಕ್ರೋಮಿನ ಗುಂಡು. ಬಿಡಿಭಾಗದ ಅಂಗಡಿಯಲ್ಲಿ ಅದರ ಹೆಸರು ಟೋ ಹುಕ್. ಅದರ ಪಕ್ಕದಲ್ಲಿ ಟ್ರೇಲರ್‌ನ ದೀಪಕ್ಕೆ ವಿದ್ಯುತ್ ಕೊಡುವ ಸಾಕೆಟ್ ಇದೆಯೇ ನೋಡಿ. ಸಾಮಾನ್ಯವಾಗಿ ಇರುವುದಿಲ್ಲ. ಯಾಕೆ ಹಾಕಿಸಿದ್ದೀರಿ ಎಂದು ಕೇಳಿದರೆ ‘ಹಿಂದಿನಿಂದ ಯಾರಾದರೂ ತಾಗಿಸಿದರೆ ಬಂಪರ್ ಉಳಿಯುತ್ತದಲ್ಲ’ ಎನ್ನುತ್ತಾರೆ.

ಆ ಲೆಕ್ಕವೂ ತಪ್ಪು. ಬಂಪರ್ ಇರುವುದೇ ಪೆಟ್ಟು ನುಂಗಿ ಮುರಿಯುವುದಕ್ಕೆ. ಚಾಸಿಗೆ ಬಿಗಿದ ಕಬ್ಬಿಣ ಮುಂದೆ ಚಾಚಿದರೆ ಪೆಟ್ಟು ನೇರ ಚಾಸಿಗೆ, ಅಲ್ಲಿಂದ ಒಳಗೆ ಕೂತವರ ಬೆನ್ನಿಗೆ. ಹಿಂದೆ ಬರುವ ಸ್ಕೂಟರ್ ಸವಾರನ ಮೊಣಕಾಲಿನ ಗತಿ ಬೇರೆ ಹೇಳಬೇಕಿಲ್ಲ. ಇದೇ ಕಾರಣಕ್ಕೆ 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಬುಲ್‌ಬಾರ್, ಕ್ರ್ಯಾಶ್ ಗಾರ್ಡ್‌ಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ರಾಜ್ಯಗಳಿಗೆ ಬರೆಯಿತು. ಮುಂದಿನ ಕಬ್ಬಿಣ ಕಾನೂನಿನ ಕಣ್ಣಿಗೆ ಬಿತ್ತು, ಹಿಂದಿನ ಕಬ್ಬಿಣ ‘ಎಳೆಯುವ ಸಲಕರಣೆ’ಯ ವೇಷ ತೊಟ್ಟು ಈಗಲೂ ಓಡಾಡಿಕೊಂಡಿದೆ.

ಎಸ್‌ಯುವಿ ಅಂದರೇನು ಎಂದು ನಮ್ಮ ತೆರಿಗೆ ಕಾನೂನನ್ನು ಕೇಳಿದರೂ ಇದೇ ಕತೆ. ಉದ್ದ 4 ಮೀಟರಿಗಿಂತ ಹೆಚ್ಚು, ಎಂಜಿನ್ 1500 ಸಿಸಿಗಿಂತ ದೊಡ್ಡದು, ನೆಲದಿಂದ ಎತ್ತರ 170 ಮಿಲಿಮೀಟರ್ ಅಥವಾ ಹೆಚ್ಚು. ಎಷ್ಟು ಹೊರುತ್ತದೆ, ಎಷ್ಟು ಎಳೆಯುತ್ತದೆ ಎಂಬ ಪ್ರಶ್ನೆ ಆ ವ್ಯಾಖ್ಯೆಯಲ್ಲಿ ಇಲ್ಲವೇ ಇಲ್ಲ. ಗಾತ್ರವೇ ಗುಣ. ಈ ಗಾತ್ರದ ಮೇಲೆ ಜಿಎಸ್‌ಟಿ ಮತ್ತು ಸೆಸ್ ಸೇರಿ ನೂರಕ್ಕೆ 50 ತೆರಿಗೆ ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದು 40ಕ್ಕೆ ಇಳಿದಿದೆ. ದೇಶದಲ್ಲಿ ಮಾರಾಟವಾಗುವ ಪ್ರಯಾಣಿಕ ವಾಹನಗಳಲ್ಲಿ ಅರ್ಧಕ್ಕಿಂತ ಹೆಚ್ಚು ಈಗ ಚಿಕ್ಕವೋ ದೊಡ್ಡವೋ ಎಸ್‌ಯುವಿ ಆಕಾರದವೇ.

ಈಗ ಮುಂಬೈಯೊಳಗೆ ಬನ್ನಿ. ಇಲ್ಲಿ ‘ಟೋ’ ಎಂಬ ಪದಕ್ಕೆ ಬೇರೆಯೇ ಅರ್ಥ. ಯಾರಾದರೂ ಓಡುತ್ತ ಬಂದು ‘ಗಾಡಿ ಟೋ ಆಯ್ತು’ ಎಂದರೆ, ತಪ್ಪು ಜಾಗದಲ್ಲಿ ನಿಲ್ಲಿಸಿದ ಗಾಡಿಯನ್ನು ಟ್ರಾಫಿಕ್ ಪೊಲೀಸರು ಎತ್ತಿಕೊಂಡು ಹೋದರು ಎಂದರ್ಥ. ವ್ಯಾಕರಣ ಗಮನಿಸಿ: ಬ್ರೋಷರಿನಲ್ಲಿ ಎಸ್‌ಯುವಿ ಎಳೆಯುವ ಕರ್ತೃ, ಮುಂಬೈಯ ಬಾಯಲ್ಲಿ ಅದೇ ಕರ್ಮ.

ಟ್ರಾಫಿಕ್ ಪೊಲೀಸರ ಗಾಡಿ ಮಾತ್ರವಲ್ಲ. 2020ರ ಮಾರ್ಚ್‌ನಲ್ಲಿ ಭಾವುಚಾ ಧಕ್ಕಾದಿಂದ ಕೊಲ್ಲಿಯ ಆಚೆಯ ಮಾಂಡ್ವಾಕ್ಕೆ ರೋ-ರೋ ಹಡಗು ಶುರುವಾಯಿತು. ವಾರಾಂತ್ಯಕ್ಕೆ ಅಲಿಬಾಗ್‌ಗೆ ಹೋಗುವವರು ಕಾರನ್ನೂ ಹಡಗಿಗೆ ಹತ್ತಿಸುತ್ತಾರೆ. ಜಾಹೀರಾತಿನಲ್ಲಿ ಎಸ್‌ಯುವಿ ದೋಣಿಯನ್ನು ಎಳೆಯುತ್ತದೆ, ನಮ್ಮಲ್ಲಿ ದೋಣಿಯೇ ಎಸ್‌ಯುವಿಯನ್ನು ಹೊರುತ್ತದೆ. ಇನ್ನು ಕೊಂಕಣ ರೈಲ್ವೆ. ರಾಯಗಡ ಜಿಲ್ಲೆಯ ಕೋಲಾಡ್‌ನಿಂದ ಗೋವಾದ ವೆರ್ಣಾ, ಮುಂದೆ ನಮ್ಮ ಸುರತ್ಕಲ್‌ವರೆಗೆ ಸರಕು ತುಂಬಿದ ಲಾರಿಗಳನ್ನೇ ಬೋಗಿಗಳ ಮೇಲೆ ನಿಲ್ಲಿಸಿ ಸಾಗಿಸುವ ಕೆಲಸವನ್ನು ಅದು 1999ರಲ್ಲಿ ಆರಂಭಿಸಿತು. 2025ರ ಗಣೇಶ ಹಬ್ಬದ ಹೊತ್ತಿಗೆ ಕೋಲಾಡ್-ವೆರ್ಣಾ ನಡುವೆ ಕಾರುಗಳಿಗೂ ಆ ಸೌಲಭ್ಯ ಬಂತು. ಘಟ್ಟದಂಚಿನ ಸುರಂಗಗಳೊಳಗೆ ಸಾಲು ಸಾಲು ಲಾರಿಗಳನ್ನು ಒಂದೇ ಎಂಜಿನ್ ಕರೆದೊಯ್ಯುತ್ತದಲ್ಲ, ಎಳೆಯುವುದು ಅಂದರೆ ಅದು. ಅದರ ಹಿಂಬದಿಗೆ ಯಾರೂ ಕ್ರೋಮಿನ ಗುಂಡು ಸಿಕ್ಕಿಸಿ ಫೋಟೋ ತೆಗೆಸಿಕೊಳ್ಳುವುದಿಲ್ಲ.

ಸರಿ, ಯಾರೋ ಒಬ್ಬರು ಹಟ ಹಿಡಿದು ನಿಜವಾಗಿಯೂ ಟ್ರೇಲರ್ ಕಟ್ಟಿಕೊಂಡು ಹೊರಟರು ಎಂದಿಟ್ಟುಕೊಳ್ಳಿ. ಸಮುದ್ರದ ಪಕ್ಕದ ಅತಿ ಚಂದದ ದಾರಿ ಎಂದರೆ 2024ರ ಮಾರ್ಚ್‌ನಲ್ಲಿ ಮೊದಲ ಹಂತ ತೆರೆದ ಕೋಸ್ಟಲ್ ರೋಡ್. ಮಹಾನಗರ ಪಾಲಿಕೆ ಸುಮಾರು 14 ಸಾವಿರ ಕೋಟಿ ರೂಪಾಯಿ ಸುರಿದು ಕಟ್ಟಿದ್ದು. ಅಲ್ಲಿ ಯಾರಿಗೆ ಪ್ರವೇಶವಿಲ್ಲ ಎಂಬ ಪೊಲೀಸ್ ಪಟ್ಟಿ ಓದಿ: ಟ್ರೇಲರ್, ಟ್ರ್ಯಾಕ್ಟರ್, ಸರಕು ಸಾಗಣೆ ವಾಹನ, ದ್ವಿಚಕ್ರ, ತ್ರಿಚಕ್ರ, ಸೈಕಲ್, ಎತ್ತು-ಕುದುರೆ ಗಾಡಿ, ಕೈಗಾಡಿ, ಪಾದಚಾರಿ. ಏನನ್ನಾದರೂ ಎಳೆಯುವ, ಹೊರುವ, ತುಳಿಯುವ ಬಹುತೇಕ ಎಲ್ಲರೂ ಆ ಪಟ್ಟಿಯಲ್ಲಿದ್ದಾರೆ. ಬಸ್ಸುಗಳನ್ನು ಬಿಟ್ಟರೆ ಉಳಿದದ್ದು ಕಾರು. 2024ರ ಜನವರಿಯಲ್ಲಿ ಉದ್ಘಾಟನೆಯಾದ ಅಟಲ್ ಸೇತುವಿನಲ್ಲೂ ಟ್ರ್ಯಾಕ್ಟರ್, ಬೈಕ್, ರಿಕ್ಷಾಗಳಿಗೆ ಜಾಗವಿಲ್ಲ. ವೇಗದ ರಸ್ತೆಯಲ್ಲಿ ನಿಧಾನದ ಗಾಡಿ ಅಪಾಯ ಎಂಬುದು ಒಪ್ಪುವ ಮಾತೇ. ಆದರೆ ಎಲ್ಲರ ದುಡ್ಡಿನಲ್ಲಿ ಯಾವ ಬಗೆಯ ರಸ್ತೆ ಕಟ್ಟಬೇಕೆಂದು ತೀರ್ಮಾನಿಸಿದವರು ಯಾರು?

ಇದೇ ಕೋಸ್ಟಲ್ ರೋಡಿನ ಕೆಳಗೆ ನಿಜವಾದ ದೋಣಿಗಳ ಕತೆಯೂ ಇದೆ. ವರ್ಲಿ ಕೋಳಿವಾಡಾದ ಮೀನುಗಾರರು ತಮ್ಮ ದೋಣಿಗಳನ್ನು ಕ್ಲೀವ್‌ಲ್ಯಾಂಡ್ ಬಂದರಿನಿಂದ ಕಡಲಿಗೆ ಇಳಿಸುತ್ತಾರೆ. ಅವರ ದಾರಿಯಲ್ಲಿ ರಸ್ತೆಯ ಕಂಬಗಳು ಎದ್ದವು, ನಡುವಿನ ಅಂತರ 60 ಮೀಟರ್. ಗಾಳಿ, ಅಲೆ, ಸೆಳೆತ ಇರುವಾಗ ಅಷ್ಟರಲ್ಲಿ ನುಸುಳುವುದು ಪ್ರಾಣಕ್ಕೆ ಅಪಾಯ ಎಂದು ಅವರು ಪ್ರತಿಭಟಿಸಿದರು, ಕೆಲಸ ನಿಲ್ಲಿಸಿದರು. ಕೊನೆಗೆ ಒಂದು ಕಂಬ ಕೈಬಿಟ್ಟು ಅಂತರವನ್ನು 120 ಮೀಟರ್ ಮಾಡಲು ಸರ್ಕಾರ ಒಪ್ಪಿತು. ಅವರು ಕೇಳಿದ್ದು ಅದಕ್ಕಿಂತ ಹೆಚ್ಚು. ಬ್ರೋಷರಿನಲ್ಲಿ ದೋಣಿಯೊಂದು ಎಸ್‌ಯುವಿಯ ಅಲಂಕಾರವಾದರೆ, ವರ್ಲಿಯಲ್ಲಿ ಎಸ್‌ಯುವಿಯ ರಸ್ತೆ ದೋಣಿಯ ಕುತ್ತಿಗೆ ಹಿಡಿದಿತ್ತು.

ಎಳೆಯುವವರು ಇನ್ನೊಂದು ಕಡೆ ಇದ್ದಾರೆ. ಮಸೀದಿ ಬಂದರ್, ಭುಲೇಶ್ವರ, ಕಾಳಬಾದೇವಿ, ಕ್ರಾಫರ್ಡ್ ಮಾರ್ಕೆಟ್ ಸುತ್ತ ಬೆಳಗ್ಗೆ ಹತ್ತು ಗಂಟೆಗೆ ನಡೆದು ನೋಡಿ. ಎರಡು ದೊಡ್ಡ ಚಕ್ರ, ಉದ್ದನೆಯ ಮರದ ಹಾಸು, ಮೇಲೆ ಬಟ್ಟೆಯ ಬೇಲುಗಳೋ, ಎಣ್ಣೆಯ ಡಬ್ಬಗಳೋ, ಕಾಗದದ ರೀಮುಗಳೋ. ಮುಂದೆ ಎಳೆಯುವವನೊಬ್ಬ, ಹಿಂದೆ ತಳ್ಳುವವರು ಒಬ್ಬಿಬ್ಬರು. ಇಲ್ಲಿ ಅದನ್ನು ಹಾಥ್‌ಗಾಡಿ ಎನ್ನುತ್ತಾರೆ, ನಮ್ಮ ಕೈಗಾಡಿ. ಹೊರೆ ಹೇರುವುದನ್ನು ಗಮನಿಸಿ. ಭಾರವೆಲ್ಲ ಅಚ್ಚಿನ ಮೇಲೆ ಬರಬೇಕು, ಒಂದಿಷ್ಟು ಮಾತ್ರ ಮುಂದಕ್ಕೆ ವಾಲಬೇಕು. ಹಿಂದಕ್ಕೆ ವಾಲಿದರೆ ನೊಗ ಮೇಲೇಳುತ್ತದೆ, ಮುಂದೆ ಹೆಚ್ಚಾದರೆ ಸೊಂಟ ಮುರಿಯುತ್ತದೆ. ಎಸ್‌ಯುವಿಯ ಮಾಲೀಕರಿಗೆ ಎಂದೂ ಬೇಕಾಗದ ಆ ನೂರಕ್ಕೆ ಐದು-ಏಳರ ಲೆಕ್ಕ ಈ ಮನುಷ್ಯನಿಗೆ ಅಂಗೈಯಲ್ಲಿ ಗೊತ್ತು. ಅವನ ಗಾಡಿಗೆ ಬ್ರೇಕ್ ಇಲ್ಲ. ಇಳಿಜಾರಿನಲ್ಲಿ ಹಿಮ್ಮಡಿ ಊರಿ, ಬೆನ್ನನ್ನು ಹಿಂದಕ್ಕೆ ಒರಗಿಸಿ ನಿಲ್ಲುವ ಅವನ ದೇಹವೇ ಬ್ರೇಕ್.

ಕೈಗಾಡಿಯನ್ನು ನಾನು ಹಾಡಿ ಹೊಗಳುತ್ತಿಲ್ಲ. ಅದು ಮೂಳೆ ಸವೆಸುವ ಕೆಲಸ. ತಲೆಹೊರೆ ಕೂಲಿಗಳಿಗಾಗಿ 1969ರಲ್ಲೇ ಮಾಥಾಡಿ ಕಾನೂನು ತಂದ ರಾಜ್ಯ ಇದು. ‘ಮಾಥಾ’ ಎಂದರೆ ತಲೆ, ಅಲ್ಲಿಂದ ಬಂದದ್ದು ಆ ಹೆಸರು. ಆ ಕಾನೂನು ಬಂದು ಅರ್ಧ ಶತಮಾನ ದಾಟಿದ ಮೇಲೂ ಯಂತ್ರ ಎಳೆಯಬೇಕಾದ ಹೊರೆಯನ್ನು ಮನುಷ್ಯ ಎಳೆಯುತ್ತಿದ್ದಾನೆ. ಎಳೆಯಬಲ್ಲ ಯಂತ್ರ ಅದೇ ಗಲ್ಲಿಯ ಬಾಯಿಗೆ ಅಡ್ಡವಾಗಿ, ಎಸಿ ಹಾಕಿಕೊಂಡು, ಒಬ್ಬನೇ ಸವಾರನನ್ನು ಹೊತ್ತು ಹಾರ್ನ್ ಹೊಡೆಯುತ್ತಿದೆ. ಟ್ರಾಫಿಕ್ ಜಾಮ್ ಆದಾಗ ಬೈಗುಳ ತಿನ್ನುವುದು ಕೈಗಾಡಿಯವನು.

ಇದಕ್ಕೆ ಬರುವ ಉತ್ತರಗಳು ನನಗೆ ಗೊತ್ತು. ನಮ್ಮವರ ಬಾಯಿಂದಲೇ ಕೇಳಿದ್ದೇನೆ.

‘ಮಳೆಗಾಲದಲ್ಲಿ ನೀರು ನಿಂತಾಗ ಎತ್ತರದ ಗಾಡಿಯೇ ಬೇಕು’ ಎನ್ನುತ್ತಾರೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. ಅಂಥ ದಿನ 170 ಮಿಲಿಮೀಟರ್ ಎತ್ತರವೂ ಉಪಯೋಗಕ್ಕೆ ಬಾರದು, 200 ಕೂಡ ಬಾರದು. ನೀರು ನಿಲ್ಲುವುದಕ್ಕೆ ಮದ್ದು ಚರಂಡಿ ಮತ್ತು ಮೀಠೀ ನದಿ. ಚರಂಡಿಯ ಸಮಸ್ಯೆಯನ್ನು ಕಾರಿನ ಸಾಲದಿಂದ ಪರಿಹರಿಸಲು ಹೊರಟರೆ ಕಾರಿಲ್ಲದ ನೆರೆಯವನು ನೀರಲ್ಲೇ ಉಳಿಯುತ್ತಾನೆ.

‘ವರ್ಷಕ್ಕೊಮ್ಮೆ ಊರಿಗೆ ಹೋಗಬೇಕಲ್ಲ, ಸಾಮಾನು ಎಷ್ಟಿರುತ್ತದೆ ಗೊತ್ತಾ?’ ಗೊತ್ತು. ಮೇ ತಿಂಗಳಲ್ಲಿ ಉಡುಪಿ, ಕುಂದಾಪುರಕ್ಕೆ ಹೊರಡುವ ಮುಂಬೈ ಕನ್ನಡಿಗರ ಗಂಟುಮೂಟೆ ನಾನೂ ಕಂಡಿದ್ದೇನೆ. ಆದರೆ ಲೆಕ್ಕ ಹಾಕಿ. ವರ್ಷದ ಹತ್ತು ದಿನದ ಸಾಮಾನಿಗಾಗಿ ಉಳಿದ 355 ದಿನ ಎರಡು ಟನ್ ಹತ್ತಿರದ ಗಾಡಿಯನ್ನು ಘಾಟ್ಕೋಪರ್‌ನ ಗಲ್ಲಿಗಳಲ್ಲಿ ಹೊತ್ತು ತಿರುಗಬೇಕೇ? ಯುರೋಪಿನಲ್ಲಿ ಚಿಕ್ಕ ಕಾರಿನವರು ಇಂಥ ದಿನಕ್ಕೆ ಟ್ರೇಲರ್ ಬಾಡಿಗೆಗೆ ತರುತ್ತಾರೆ. ಸಾಮಾನ್ಯ ಕಾರಿನ ಲೈಸೆನ್ಸ್‌ನಲ್ಲೇ 750 ಕಿಲೋವರೆಗಿನ ಟ್ರೇಲರ್ ಎಳೆಯಲು ಅಲ್ಲಿ ಅನುಮತಿ ಇದೆ. ಎಳೆಯುವ ಸಂಸ್ಕೃತಿ ನಿಜವಾಗಿ ಇರುವ ಕಡೆ ಅದು ಕಾರನ್ನು ಚಿಕ್ಕದಾಗಿಡಲು ಸಹಾಯ ಮಾಡುತ್ತದೆ. ಅದರ ಚಿತ್ರ ಮಾತ್ರ ಇರುವ ನಮ್ಮಲ್ಲಿ ಕಾರನ್ನು ದೊಡ್ಡದು ಮಾಡುತ್ತದೆ.

‘ನಮ್ಮಲ್ಲಿ ಟ್ರೇಲರ್ ಎಲ್ಲಿ ಸಿಗುತ್ತದೆ, ಟೆಂಪೋ ಇದೆಯಲ್ಲ’ ಎಂದರೆ ನಾನು ಕೂಡಲೇ ಒಪ್ಪುತ್ತೇನೆ. ಮುಂಬೈಯ ಯಕ್ಷಗಾನ ತಂಡಗಳು ವೇಷದ ಪೆಟ್ಟಿಗೆಗಳನ್ನು, ಕೇಟರಿಂಗ್‌ನವರು ಪಾತ್ರೆಗಳನ್ನು ಟೆಂಪೋದಲ್ಲೇ ಸಾಗಿಸುತ್ತಾರೆ. ಕೆಲಸ ಇದ್ದ ದಿನ ಬಾಡಿಗೆ, ಇಲ್ಲದ ದಿನ ಇಲ್ಲ. ಇಡೀ ವಿಷಯದಲ್ಲಿ ಬುದ್ಧಿವಂತರು ಅವರೇ.

‘ಕ್ಯಾರವಾನ್ ಪ್ರವಾಸ ಬರುತ್ತಿದೆಯಲ್ಲ’ ಎಂಬುದು ಮತ್ತೊಂದು ಮಾತು. ಮಹಾರಾಷ್ಟ್ರ 2021ರಲ್ಲಿ ಕ್ಯಾರವಾನ್ ನೀತಿ ತಂದಿತು, ಕೇರಳವೂ ಅದೇ ವರ್ಷ ತಂದಿತು. ಆದರೆ ಇಲ್ಲಿ ಬಾಡಿಗೆಗೆ ಸಿಗುವ ಕ್ಯಾರವಾನ್‌ಗಳು ಬಹುಪಾಲು ತಮ್ಮದೇ ಎಂಜಿನ್ ಇರುವ ವ್ಯಾನುಗಳು. ಅವನ್ನು ಎಳೆಯಲು ಯಾರ ಎಸ್‌ಯುವಿಯೂ ಬೇಕಿಲ್ಲ.

ಕೊನೆಯದು, ‘ನನ್ನ ದುಡ್ಡು, ನನ್ನ ಗಾಡಿ’. ದುಡ್ಡು ನಿಮ್ಮದು, ರಸ್ತೆ ನಿಮ್ಮದಲ್ಲ. ಅಮೆರಿಕದ ಐಐಎಚ್‌ಎಸ್ ಸಂಸ್ಥೆ 2023ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುವುದು ಇಷ್ಟು: ಬಾನೆಟ್ ಒಂದು ಮೀಟರಿಗಿಂತ ಎತ್ತರವಿರುವ ಗಾಡಿ ಪಾದಚಾರಿಗೆ ಬಡಿದರೆ, ಮುಕ್ಕಾಲು ಮೀಟರಿನೊಳಗಿನ ಇಳಿಜಾರು ಬಾನೆಟ್‌ನ ಕಾರಿಗೆ ಹೋಲಿಸಿದಾಗ ಸಾವಿನ ಸಂಭವ ಸುಮಾರು ನೂರಕ್ಕೆ 45ರಷ್ಟು ಹೆಚ್ಚು. ಫುಟ್‌ಪಾತ್ ಇಲ್ಲದ ಊರಿನಲ್ಲಿ, ಶಾಲೆ ಬಿಡುವ ಹೊತ್ತಿನಲ್ಲಿ ಆ ಬಾನೆಟ್ಟಿನ ಎತ್ತರಕ್ಕೆ ಯಾರ ತಲೆ ಬರುತ್ತದೆ ಎಂದು ಹೇಳಬೇಕೇ?

ಹಾಗಾದರೆ ಏನಾಗಬೇಕು? ಕೊಂಡಿ ಹಾಕುವವರು ಅಂಕಿ ಕೊಡಲಿ. ಬ್ರೇಕ್ ಸಹಿತ ಎಷ್ಟು, ಬ್ರೇಕ್ ರಹಿತ ಎಷ್ಟು, ಕೊಂಡಿಯ ಮೇಲೆ ಎಷ್ಟು ಭಾರ ಎಂಬುದು ಬ್ರೋಷರಿನಲ್ಲಿ, ಕನ್ನಡವೂ ಸೇರಿದಂತೆ ಕೊಳ್ಳುವವರ ಭಾಷೆಯಲ್ಲಿ ಅಚ್ಚಾಗಲಿ. ಅಂಕಿ ಇಲ್ಲದ ಗಾಡಿಯ ಜಾಹೀರಾತಿನಲ್ಲಿ ದೋಣಿ ಬೇಡ. ದೀಪದ ಸಾಕೆಟ್ಟಿಲ್ಲದ ಟೋ ಹುಕ್ಕನ್ನು ಬುಲ್‌ಬಾರ್‌ನಂತೆಯೇ ಕಂಡು ಬಿಚ್ಚಿಸಲಿ.

ನಿಜವಾಗಿ ಎಳೆಯುವವರಿಗೆ ಕಾನೂನು ಸರಳವಾಗಲಿ. ಇಂದು ಟ್ರೇಲರ್ ಅಂದರೆ ಪ್ರತ್ಯೇಕ ನೋಂದಣಿ. ವಿಮೆಯ ಮಾತು ಬಂದರೆ ಗೊಂದಲ. ಟ್ರ್ಯಾಕ್ಟರ್ ಲೈಸೆನ್ಸ್ ಇದ್ದವನು ಅದಕ್ಕೆ ಟ್ರೇಲರ್ ಕಟ್ಟಿದ ಮಾತ್ರಕ್ಕೆ ಅನರ್ಹನಾಗುವುದಿಲ್ಲ ಎಂದು ಹೇಳಿಸಿಕೊಳ್ಳಲು ಒಂದು ಅಪಘಾತದ ಪ್ರಕರಣ 2001ರಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು. ಬೆಳಗಾವಿ, ಬಾಗಲಕೋಟೆಯ ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿ, ಹಿಂದೆ ದೀಪವಿಲ್ಲದೆ ಕತ್ತಲಲ್ಲಿ ಸಾಗುವ ಟ್ರ್ಯಾಕ್ಟರ್‌ಗಳನ್ನು ಕಂಡವರಿಗೆ ಈ ದೇಶದಲ್ಲಿ ಎಳೆಯುವವರು ಯಾರು, ಅವರಿಗೆ ಬ್ರೇಕು, ದೀಪ, ನಿಯಮ ಎಷ್ಟು ಬೇಕು ಎಂಬುದು ಗೊತ್ತು. ನಮ್ಮ ನಿಯಮ, ಸಂಶೋಧನೆ, ಮಾನದಂಡ ಅಲ್ಲಿಂದ ಶುರುವಾಗಬೇಕು, ಸರೋವರದ ಚಿತ್ರದಿಂದ ಅಲ್ಲ.

ಮುಂಬೈಯ ಮಟ್ಟಿಗೆ ಎರಡು ಬೇಡಿಕೆ. ಪಾರ್ಕಿಂಗ್ ಶುಲ್ಕ ಗಾಡಿಯ ಉದ್ದ-ಅಗಲದ ಲೆಕ್ಕದಲ್ಲಿರಲಿ. ಪಾಲಿಕೆಯ ಜಾಗದಲ್ಲೂ, ಸೊಸೈಟಿಯ ಅಂಗಳದಲ್ಲೂ. ಹೀಗೆ ಬಂದ ದುಡ್ಡಿನಲ್ಲಿ ಮಸೀದಿ ಬಂದರ್, ಭುಲೇಶ್ವರಗಳಲ್ಲಿ ಸರಕು ಇಳಿಸಲು ಗುರುತು ಹಾಕಿದ ಜಾಗ, ಕೈಗಾಡಿಗಳಿಗೆ ಬ್ಯಾಟರಿ ಮೋಟಾರು ಮತ್ತು ಬ್ರೇಕು ಕೊಡಲಿ. ಎಳೆಯುವ ಬಲ ಎಳೆಯುವ ಕೆಲಸವಿರುವ ಕಡೆಗೆ ಹೋಗಲಿ, ಅಷ್ಟೇ.

ಇದು ಸಣ್ಣ ಬದಲಾವಣೆ ಎನಿಸಬಹುದು. ಅಲ್ಲ. ಬಲ ಇರುವುದು ತೋರಿಸಿಕೊಳ್ಳಲಿಕ್ಕೋ, ಹೊರೆ ಇಳಿಸಲಿಕ್ಕೋ ಎಂಬ ಪ್ರಶ್ನೆ ಇದರ ಬುಡದಲ್ಲಿದೆ. ಹಾಗಾಗಿ ಪಕ್ಕದ ಮನೆಯವರು ಹೊಸ ಗಾಡಿಗೆ ನಿಂಬೆಹಣ್ಣು ಕಟ್ಟಿ ಪೇಡಾ ಹಂಚುತ್ತ, ‘ಇದು ಎರಡು ಟನ್ ಎಳೆಯುತ್ತದೆ’ ಎಂದಾಗ, ಪೇಡಾ ತಿನ್ನಿ, ಶುಭ ಹಾರೈಸಿ, ಆಮೇಲೆ ಕನ್ನಡ ವ್ಯಾಕರಣ ಬಲ್ಲವರು ಕೇಳಲೇಬೇಕಾದ್ದನ್ನು ಕೇಳಿಬಿಡಿ: ‘ಏನನ್ನು?’